ಹಂಡೆ ನೀರು ಮತ್ತು ಹಳೇ 407

ಮೊದಲ ದಿನ: ಶಿವಮೊಗ್ಗದಿಂದ ಮೇಗರವಳ್ಳಿ

ವಿದ್ಯಾನಗರದ ಮನೆಯಿಂದ ಹೊರಟು ಸೇತುವೆ ದಾಟುವಾಗ ಬೆಳಗಿನ ಆರು ಗಂಟೆ. ಕೆಳಗೆ ತುಂಗೆ ಇದ್ದಾಳೆ ಅಂತ ನಂಬಿಕೊಂಡು ದಾಟಬೇಕು, ಅಷ್ಟು ಮಂಜು. ಡಿಸೆಂಬರ್ ಕೊನೆಯ ವಾರ. ಗಾಡಿಯ ಹಿಂದೆ ಎರಡು ಅಡಿಕೆ ಸುಲಿಯುವ ಮೆಷಿನ್, ಒಂದು ದೊಡ್ಡದು, ಒಂದು ಚಿಕ್ಕದು. ಮೇಲೆ ಟಾರ್ಪಾಲ್. ಪಕ್ಕದ ಸೀಟಿನಲ್ಲಿ ಮಫ್ಲರ್ ಸುತ್ತಿಕೊಂಡ ದೊಡ್ಡಪ್ಪ.

ಗಾಡಿ 1996ರ ಟಾಟಾ 407, ಸಣ್ಣ ಲಾರಿ. ಈ ಮಾದರಿ ಮೊದಲು ಬಂದದ್ದು 1986ರಲ್ಲಿ. ಹತ್ತು ವರ್ಷ ಆಸೆಪಟ್ಟು, ಒಂದಿಡೀ ವರ್ಷದ ಅಡಿಕೆ ಮಾರಿ ಅಪ್ಪ ಇದನ್ನು ತಂದರು. ಅಪ್ಪ ಹೋದ ಮೇಲೆ ಗುಜರಿಗೆ ಹಾಕು ಅಂದವರು ಬಹಳ ಜನ. ನನಗೆ ಮನಸ್ಸು ಬರಲಿಲ್ಲ. ಸ್ಟೇರಿಂಗ್ ಮೇಲೆ ಅಪ್ಪನ ಕೈ ಇಡುತ್ತಿದ್ದ ಜಾಗ ಇನ್ನೂ ನುಣುಪಾಗಿದೆ. ಕೊಯ್ಲಿನ ಮೂರು ತಿಂಗಳು ಮೆಷಿನ್ ಹೇರಿಕೊಂಡು ಊರೂರು ತಿರುಗುವ ಕೆಲಸವನ್ನು ಇದು ಇವತ್ತಿಗೂ ಮಾಡುತ್ತದೆ.

ಅವತ್ತು ಬೆಳಗ್ಗೆ ಸೆಲ್ಫ್ ಹೊಡೆದಾಗ ಇಂಜಿನ್ ನರಳಿಕೊಂಡು ನಿಧಾನಕ್ಕೆ ತಿರುಗಿತು. ಮೂರನೇ ಸಲ ಹಿಡಿಯಿತು. ಹಿಂದೆ ಬಿಳಿ ಹೊಗೆ. ಗಾಜನೂರು ದಾಟಿದರೂ, ಸಕ್ರೆಬೈಲಿನ ಆನೆ ಬಿಡಾರ ದಾಟಿದರೂ ಹೊಗೆ ಪೂರ್ತಿ ನಿಲ್ಲಲಿಲ್ಲ. ಮಂಡಗದ್ದೆಯಲ್ಲಿ ಟೀ ಕುಡಿಯುವಾಗ ದೊಡ್ಡಪ್ಪ ಗಾಡಿಯ ಹಿಂದೆ ಹೋಗಿ ನಿಂತು ಮೂಸಿ ನೋಡಿದರು.

"ಬಿಳಿ ಹೊಗೆ ಅಂದ್ರೆ ಉರಿಯದ ಡೀಸೆಲ್ಲು. ಕಪ್ಪಾದ್ರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ನೀಲಿ ಆದ್ರೆ ಆಯಿಲ್ ಉರೀತಿದೆ ಅಂತ. ನಿಂದು ಬಿಳಿ. ಇಂಜಿನ್ ಬಿಸಿನೇ ಆಗ್ತಿಲ್ಲ ಮಾರಾಯ."

ದೊಡ್ಡಪ್ಪ ಮಿಲಿಟರಿಯಲ್ಲಿ ಲಾರಿ ಓಡಿಸಿದವರು. ಅದರಲ್ಲಿ ಮೂರು ಚಳಿಗಾಲ ಕಾರ್ಗಿಲ್, ದ್ರಾಸ್, ಲೇಹ್ ಕಡೆ. ಈ ಸಲ ಕ್ಲೀನರ್ ಹುಡುಗ ಊರಿಗೆ ಹೋಗಿದ್ದ. ನಾನೇ ಬರ್ತೀನಿ ಅಂತ ಹೊರಟುಬಿಟ್ಟಿದ್ದರು.

ತೀರ್ಥಹಳ್ಳಿ ದಾಟಿ ಮೇಗರವಳ್ಳಿಯ ಹತ್ತಿರದ ಮನೆ ತಲುಪಿದೆವು. ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ಮೆಷಿನ್ ಓಡಿತು. ಒಂದು ಕಡೆ ಸಿಪ್ಪೆಯ ಗುಡ್ಡೆ, ಇನ್ನೊಂದು ಕಡೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರಿನಲ್ಲಿ, ಬೇಯುತ್ತಿರುವ ಅಡಿಕೆಯ ಆವಿ. ನಾನು ದಣಿದಿದ್ದೆ. ಗಾಡಿಯನ್ನು ಅಂಗಳದ ಗೋಡೆಗೆ ಮುಖ ಮಾಡಿ ಹಾಗೇ ಬಿಟ್ಟೆ. ಟ್ಯಾಂಕಿನಲ್ಲಿ ಕಾಲು ಭಾಗ ಡೀಸೆಲ್. "ಇಳಿಜಾರಿಗೆ ಮುಖ ಮಾಡಿ ನಿಲ್ಲಿಸು, ಸೆಲ್ಫ್ ಕೈಕೊಟ್ರೆ ಉರುಳಿಸಿ ಹಿಡಿಸಬಹುದು" ಅಂತ ದೊಡ್ಡಪ್ಪ ಅಂದದ್ದು ಕೇಳಿಸಿತ್ತು. ಬೆಳಗ್ಗೆ ನೋಡೋಣ ಅಂದೆ.

ಎರಡನೇ ದಿನ: ಅಂಗಳದಲ್ಲೇ ನಿಂತ ಗಾಡಿ

ಬೆಳಗ್ಗೆ ಹೊರಗೆ 12 ಡಿಗ್ರಿ. ತೋಟದ ಕಡೆಯಿಂದ ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತಿತ್ತು. ಕೀ ತಿರುಗಿಸಿದೆ. ಇಂಜಿನ್ ಒಂದು ಸುತ್ತು, ಒಂದೂವರೆ ಸುತ್ತು ತಿರುಗಿತು. ಆಮೇಲೆ ಬರೀ ಟಕ್ ಟಕ್.

ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡ, ಮಧ್ಯೆ ಒಂದು ನಿಮಿಷ ಬಿಡು ಅಂದರು ದೊಡ್ಡಪ್ಪ. ಬಿಟ್ಟೆ. ಮತ್ತೆ ಹೊಡೆದೆ. ಮತ್ತೆ ಅದೇ.

ಯಡೂರಿನ ಮನೆಯವರು ಏಳಕ್ಕೇ ಫೋನ್ ಮಾಡಿದರು. ಅವರು ಹಿಂದಿನ ದಿನವೇ ಅಡಿಕೆ ಗೊನೆ ತೆಗೆಸಿಯಾಗಿತ್ತು. ಕೊಯ್ದ ಹಸಿ ಅಡಿಕೆ ನಮಗಾಗಿ ಕಾಯುವುದಿಲ್ಲ. ಬೇಗ ಸುಲಿದು ಬೇಯಿಸಬೇಕು, ಇಲ್ಲದಿದ್ದರೆ ಬಣ್ಣ ಕೆಡುತ್ತದೆ, ರೇಟೂ ಬೀಳುತ್ತದೆ. ಅದಕ್ಕೇ ನನಗೆ ಆ ಬೆಳಗ್ಗೆ ಅಷ್ಟು ಸಂಕಟವಾದದ್ದು.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಒತ್ತುತ್ತದೆ. ಆ ಒತ್ತಡಕ್ಕೆ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಅದಕ್ಕೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಸೆಲ್ಫ್ ಜೋರಾಗಿ ತಿರುಗಿದರೆ ಮಾತ್ರ ಈ ಲೆಕ್ಕ ಸರಿ. ನಿಧಾನಕ್ಕೆ ತಿರುಗಿದರೆ ಒತ್ತಿದ ಗಾಳಿ ಪಿಸ್ಟನ್ ರಿಂಗಿನ ಸಂದಿಯಲ್ಲಿ ಜಾರಿ ಹೋಗುತ್ತದೆ. ಇದ್ದ ಬಿಸಿಯನ್ನು ತಣ್ಣಗಿನ ಕಬ್ಬಿಣ ಹೀರಿಕೊಳ್ಳುತ್ತದೆ. ಡೀಸೆಲ್ ಬೀಳುತ್ತದೆ, ಉರಿಯುವುದಿಲ್ಲ, ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ. ಮಂಡಗದ್ದೆಯಲ್ಲಿ ದೊಡ್ಡಪ್ಪ ಮೂಸಿದ್ದು ಇದನ್ನೇ.

ಮನೆಯ ಹುಡುಗನೊಬ್ಬ ಒಣಗಿದ ಅಡಿಕೆ ಸಿಪ್ಪೆ ತಂದು, "ಇಂಜಿನ್ ಅಡಿಗೆ ಬೆಂಕಿ ಹಾಕೋಣ್ವಾ?" ಅಂದ. ದೊಡ್ಡಪ್ಪ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು. ಮೇಲೆ, ಚಳಿಯ ಊರಲ್ಲಿ, ಇಂಜಿನ್ ತಳದ ಆಯಿಲ್ ಸಂಪಿನ ಕೆಳಗೆ ಬೆಂಕಿ ಹಿಡಿಯುವವರಿದ್ದರು. ಹಳೇ ಗಾಡಿಯ ಹೊಟ್ಟೆ ತುಂಬ ಆಯಿಲ್ ಜಿಡ್ಡು, ರಬ್ಬರ್ ಪೈಪು, ವೈರು. ಒಂದು ಹನಿ ಡೀಸೆಲ್ ತೊಟ್ಟಿಕ್ಕುತ್ತಿದ್ದರೂ ಸಾಕು, ಗಾಡಿಯೇ ಹೊತ್ತಿಕೊಳ್ಳುತ್ತದೆ. "ನಮ್ಮ ಮಲೆನಾಡಲ್ಲಿ ಅದಕ್ಕಿಂತ ಒಳ್ಳೇದು ಇದೆ. ಬಚ್ಚಲಲ್ಲಿ ಹಂಡೆ ಕಾದಿದೆಯಾ ನೋಡು."

ಹಂಡೆ ಕಾದಿತ್ತು. ಮಲೆನಾಡಿನ ಯಾವ ಮನೆಯ ಬಚ್ಚಲ ಒಲೆ ಆ ಹೊತ್ತಿಗೆ ಆರಿರುತ್ತದೆ ಹೇಳಿ? ರೇಡಿಯೇಟರ್ ಕೆಳಗಿನ ನಲ್ಲಿ ಬಿಚ್ಚಿ ತಣ್ಣೀರು ಪೂರ್ತಿ ಬಿಟ್ಟೆವು. ಅದು ತುಕ್ಕಿನ ಬಣ್ಣ ಇತ್ತು, ನೋಡಿ ದೊಡ್ಡಪ್ಪನ ಮುಖ ಗಂಟಾಯಿತು. ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಕೈ ಇಟ್ಟರೆ ತಡೆಯುವಷ್ಟು ಬಿಸಿ ಮಾಡಿಕೊಂಡು ನಿಧಾನಕ್ಕೆ ತುಂಬಿದೆವು. ಕುದಿಯುವ ನೀರನ್ನು ತಣ್ಣಗಿನ ಇಂಜಿನ್ನಿಗೆ ಒಮ್ಮೆಲೇ ಸುರಿದರೆ ಎರಕದ ಕಬ್ಬಿಣ ಬಿರುಕು ಬಿಡಬಹುದು. ಗಾಡಿಗಳಿಗೆ ನೀರು ಹೆಪ್ಪುಗಟ್ಟದಂತೆ ತಡೆಯುವ ಕೂಲೆಂಟ್ ಹಾಕುವುದು ರೂಢಿಯಾಗುವ ಮೊದಲು ಲಡಾಖಿನಲ್ಲಿ ರಾತ್ರಿ ಹೀಗೇ ನೀರು ಬಿಟ್ಟು ಮಲಗುತ್ತಿದ್ದರಂತೆ. ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಬ್ಲಾಕ್ ಒಡೆಯುತ್ತದೆ. ಬೆಳಗ್ಗೆ ಹಿಮ ಕರಗಿಸಿ ಬಿಸಿ ಮಾಡಿ ಮತ್ತೆ ತುಂಬುವುದು. ಒಂದು ದಿನ ಮರೆತರೆ ಇಂಜಿನ್ ಹೋಯಿತು ಅಂತಲೇ.

ಇಂಜಿನ್ ಬೆಚ್ಚಗಾಗುವಷ್ಟರಲ್ಲಿ ದೊಡ್ಡಪ್ಪ ಬ್ಯಾಟರಿ ಹತ್ತಿರ ಕೂತಿದ್ದರು. ಜೇಬಿನಲ್ಲಿ ಒಂದು ಪುಟ್ಟ ಮೀಟರ್ ಇಟ್ಟುಕೊಂಡೇ ತಿರುಗುತ್ತಾರೆ. 12.4 ವೋಲ್ಟ್ ತೋರಿಸಿತು. ಪೂರ್ತಿ ಚಾರ್ಜ್ ಆದದ್ದು 12.6 ಇರಬೇಕು. "ಬ್ಯಾಟರಿ ಅಷ್ಟೇನೂ ಸತ್ತಿಲ್ಲ. ಕರೆಂಟಿಗೆ ದಾರಿಯಲ್ಲೇ ಎಲ್ಲೋ ತಡೆ ಆಗ್ತಿದೆ" ಅಂದರು. ಅಂಗಳದಲ್ಲಿ ಗೋಣಿ ಹಾಸಿಕೊಂಡು ಗಾಡಿಯ ಕೆಳಗೆ ನುಗ್ಗಿಯೇಬಿಟ್ಟರು. ಎಪ್ಪತ್ತು ದಾಟಿದವರು. ಬೇಡ ಅಂದರೆ ಕೇಳುವವರಲ್ಲ.

ಇಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ. ಅದರ ಬೋಲ್ಟಿನ ಕೆಳಗೆ ತುಕ್ಕು ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಸೆಲ್ಫ್ ಮೋಟಾರಿಗೆ ನೂರಾರು ಆಂಪಿಯರ್ ಬೇಕು. ಹೋಗುವ ದಾರಿ ಎಷ್ಟೇ ದಪ್ಪ ಇರಲಿ, ವಾಪಸ್ ಬರುವ ದಾರಿ ತುಕ್ಕು ಹಿಡಿದರೆ ಮೋಟಾರಿಗೆ ಬಲ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಆಯಿಲ್ ತೆಳ್ಳಗಿರುತ್ತದೆ, ಬ್ಯಾಟರಿಗೆ ಕಸುವಿರುತ್ತದೆ, ಹೇಗೋ ನಡೆದುಹೋಗುತ್ತದೆ. ಚಳಿಯಲ್ಲಿ ಆಯಿಲ್ ದಪ್ಪ, ಬ್ಯಾಟರಿ ಮಂಕು. ಆಗ ಗೊತ್ತಾಗುತ್ತದೆ. ನಮ್ಮ ಚಳಿ ಸೊನ್ನೆಗೆ ಇಳಿಯುವುದಿಲ್ಲ. ಅದು ಗಾಡಿಯನ್ನು ಕೊಲ್ಲುವ ಚಳಿಯಲ್ಲ. ಜೂನ್‌ನಿಂದ ಸುರಿದ ಮಳೆ ಒಳಗೊಳಗೇ ತಿಂದಿಟ್ಟದ್ದನ್ನು ಡಿಸೆಂಬರಿನ ಚಳಿ ತೋರಿಸಿಕೊಡುತ್ತದೆ. ನನಗೆ ಇದು ಅವತ್ತೇ ಹೊಳೆದದ್ದು.

ಮರಳು ಕಾಗದದಿಂದ ಉಜ್ಜಿ ಕಬ್ಬಿಣ ಹೊಳೆಯುವಂತೆ ಮಾಡಿದರು. ಬ್ಯಾಟರಿಯ ತಲೆಯ ಹಸಿರು ಪುಡಿಯನ್ನು ಅಡಿಗೆ ಸೋಡದ ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಗಿದು, ವ್ಯಾಸಲೀನ್ ಸವರಿದರು. ಈಗ ಸೆಲ್ಫ್ ಹೊಡೆದರೆ ಇಂಜಿನ್ ಗಿರ್ರನೆ ತಿರುಗಿತು! ಆದರೆ ಹಿಡಿಯಲಿಲ್ಲ. ಹೊಗೆಯೂ ಇಲ್ಲ.

"ಹೊಗೆಯೇ ಇಲ್ಲ ಅಂದ್ರೆ ಡೀಸೆಲ್ಲೇ ಬರ್ತಿಲ್ಲ. ಪೈಪಿನಲ್ಲಿ ಏರ್ ಹಿಡಿದಿದೆ."

ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿನಲ್ಲಿ ಕೂದಲೆಳೆಯಂಥ ಬಿರುಕು. ಹಳೇ ರಬ್ಬರ್ ಬಿರುಸಾಗಿ ಕ್ಲಿಪ್ಪಿನ ಹತ್ತಿರ ಬಾಯಿ ಬಿಟ್ಟಿತ್ತು. ರಾತ್ರಿಯಿಡೀ ಅಲ್ಲಿಂದ ಗಾಳಿ ಎಳೆದುಕೊಂಡು ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿದಿದೆ. ಬಿರುಕಿನ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದೆವು. ಫಿಲ್ಟರ್ ತಳದ ಸ್ಕ್ರೂ ಬಿಚ್ಚಿದಾಗ ಮೊದಲು ಒಂದು ಚಮಚದಷ್ಟು ನೀರು ಬಂತು. ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಣ್ಣಗಾಗಿ ಗೋಡೆಗೆ ಕಟ್ಟಿ ಕೆಳಗೆ ಇಳಿದಿರುತ್ತದೆ. ಸಂಜೆಯೇ ಟ್ಯಾಂಕ್ ತುಂಬಿಸಿಡಬೇಕು ಅನ್ನುವುದು ಇದಕ್ಕೇ. ಆಮೇಲೆ ಕೈಪಂಪು ಒತ್ತುತ್ತಾ ಏರ್ ತೆಗೆದೆವು. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಸ್ಕ್ರೂ ಬಿಗಿ ಮಾಡಿದೆ.

ಒಂಬತ್ತೂಕಾಲಿಗೆ ಗಾಡಿ ಹಿಡಿಯಿತು. ಇಡೀ ಮನೆ ಅಂಗಳದಲ್ಲಿ ನಿಂತಿತ್ತು. ಮನೆಯ ಅಮ್ಮ ಬಿಸಿ ಕಡುಬು, ಕಾಯಿಚಟ್ನಿ ಕಟ್ಟಿಕೊಟ್ಟರು. ತೀರ್ಥಹಳ್ಳಿಗೆ ವಾಪಸ್ ಬಂದು ಹೊಸ ಪೈಪು ಹಾಕಿಸಿ, ಟ್ಯಾಂಕ್ ತುಂಬಿಸಿ ಯಡೂರು ಸೇರುವಾಗ ಮಧ್ಯಾಹ್ನ ದಾಟಿತ್ತು. ರಾತ್ರಿ ಹನ್ನೊಂದರವರೆಗೆ ಸುಲಿದು ಅವರ ಅಡಿಕೆ ಉಳಿಸಿದೆವು. ಅವತ್ತು ಗಾಡಿಯನ್ನು ಇಳಿಜಾರಿಗೇ ಮುಖ ಮಾಡಿ ನಿಲ್ಲಿಸಿದೆ.

ಮೂರನೇ ದಿನ: ಹುಲಿಕಲ್ ಘಾಟಿ, ನಗರ

ಗಾಡಿ ಸುಲಭವಾಗಿ ಹಿಡಿಯಿತು. ಬಿಳಿ ಹೊಗೆ ಮಾತ್ರ ಹಾಗೇ ಇತ್ತು.

ಚಿಕ್ಕ ಮೆಷಿನ್ನನ್ನು ಹೊಸಂಗಡಿಯ ನೆಂಟರ ಮನೆಗೆ ಇಳಿಸಬೇಕಿತ್ತು. ಮಾಸ್ತಿಕಟ್ಟೆ ದಾಟಿ ಹುಲಿಕಲ್. ಚಂಡಿಕಾಂಬೆಯ ಗುಡಿಯ ಮುಂದೆ ನಿಲ್ಲಿಸಿ ಕೈಮುಗಿದೆವು. ಈ ದಾರಿಯ ಡ್ರೈವರುಗಳು ಇಲ್ಲಿ ನಿಲ್ಲದೆ ಹೋಗುವುದು ನಾನು ಕಂಡಿಲ್ಲ. ಘಾಟಿ ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು ಅಂತ ಅಪ್ಪ ಕಲಿಸಿದ್ದರು. ಎರಡನೇ ಗೇರಿನಲ್ಲಿ ಇಂಜಿನ್ನಿನ ಹಿಡಿತದಲ್ಲೇ ಇಳಿದೆ. ಬ್ರೇಕು ಬರೀ ತಿರುವಿಗೆ.

ದೊಡ್ಡಪ್ಪ ರಸ್ತೆ ನೋಡುತ್ತಿರಲಿಲ್ಲ. ಟೆಂಪರೇಚರ್ ಮುಳ್ಳನ್ನೇ ನೋಡುತ್ತಿದ್ದರು. ಮಾಸ್ತಿಕಟ್ಟೆಯಲ್ಲಿ ಸ್ವಲ್ಪ ಎದ್ದಿದ್ದ ಮುಳ್ಳು ಘಾಟಿ ಇಳಿಯುತ್ತಾ ಇಳಿಯುತ್ತಾ ತಳಕ್ಕೆ ಬಿತ್ತು. ಹೊಸಂಗಡಿಯಲ್ಲಿ ಸೆಕೆ. ಸ್ವೆಟರ್ ಬಿಚ್ಚಿದೆವು. ವಾಪಸ್ ಹತ್ತುವಾಗ ಮುಳ್ಳು ಮಧ್ಯಕ್ಕೆ ಏರಿತು. ಆ ಪ್ರವಾಸದಲ್ಲಿ ಮೊದಲ ಸಲ ಹೊಗೆ ನಿಂತಿತ್ತು.

"ಇದರ ವಾಲ್ವ್ ಯಾರೋ ತೆಗೆದಿದ್ದಾರೆ" ಅಂದರು.

ನೆನಪಾಯಿತು. ಎಂಟು ಹತ್ತು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಇಂಜಿನ್ ಕಾಯುತ್ತಿತ್ತು. ಯಾವುದೋ ಗ್ಯಾರೇಜಿನಲ್ಲಿ ಥರ್ಮೋಸ್ಟಾಟ್ ಕಿತ್ತು, ಇನ್ನು ಕಾಯೋದಿಲ್ಲ ಅಂದಿದ್ದರು. ನಮ್ಮ ಕಡೆ ಹಳೇ ಗಾಡಿಗಳಿಗೆ ಇದನ್ನು ಬಹಳ ಮಾಡುತ್ತಾರೆ. ಆ ವಾಲ್ವ್ ಇಂಜಿನ್ ಸುಮಾರು 80 ಡಿಗ್ರಿ ಆಗುವ ತನಕ ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಅದಿಲ್ಲದಿದ್ದರೆ ಮೊದಲ ನಿಮಿಷದಿಂದಲೇ ಇಡೀ ರೇಡಿಯೇಟರಿನ ತಣ್ಣೀರು ಇಂಜಿನ್ನಿನೊಳಗೆ ಸುತ್ತುತ್ತದೆ. ಚಳಿಗಾಲದಲ್ಲಿ ಇಂಜಿನ್ ಬಿಸಿಯೇ ಆಗುವುದಿಲ್ಲ. ಡೀಸೆಲ್ ಜಾಸ್ತಿ ಕುಡಿಯುತ್ತದೆ. ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಕೊಂಡು ಹೋಗಿ ರಿಂಗ್ ಸವೆಯುತ್ತದೆ. ಅಪ್ಪನ ಇಂಜಿನ್ ಅಷ್ಟು ವರ್ಷ ಹೀಗೆ ಸವೆದದ್ದು ಕೇಳಿ ಹೊಟ್ಟೆ ಉರಿಯಿತು.

ಸದ್ಯಕ್ಕೆ ಅಂತ ಅಂಗಡಿಯಿಂದ ಬಿಸ್ಕತ್ತಿನ ರಟ್ಟು ತಂದು ರೇಡಿಯೇಟರಿನ ಮುಂದೆ ಅರ್ಧ ಮುಚ್ಚಿ ಕಟ್ಟಿದೆವು. ನಗರ ಅನ್ನುವ ಊರಿಗೆ ಹೋಗುವಷ್ಟರಲ್ಲಿ ಗಾಡಿಯ ದನಿಯೇ ಬದಲಾಗಿತ್ತು. ಹೀಗೆ ರಟ್ಟು ಕಟ್ಟಿದರೆ ಮುಳ್ಳಿನ ಮೇಲೆ ಕಣ್ಣಿಟ್ಟಿರಬೇಕು. ಏರು ಬಂದಾಗ ನಾನು ಎರಡು ಸಲ ಇಳಿದು ರಟ್ಟು ತೆಗೆದೆ.

ನಗರದಲ್ಲಿ, ಕೋಟೆಯಿಂದ ಸ್ವಲ್ಪ ದೂರದ ಮನೆಯಲ್ಲಿ ರಾತ್ರಿ. ಕೆಳದಿ ಅರಸರು ಬಿದನೂರು ಅಂತ ಕರೆದು ರಾಜಧಾನಿ ಮಾಡಿಕೊಂಡಿದ್ದ ಊರಿದು. ಊಟವಾದ ಮೇಲೆ ಬೆಂಕಿಯ ಮುಂದೆ ಚಳಿ ಕಾಯಿಸುತ್ತಾ ಕೂತಾಗ ದೊಡ್ಡಪ್ಪ ಬಾಯಿ ಬಿಟ್ಟರು. ತಾವಾಗಿಯೇ ಆ ದಿನಗಳ ಬಗ್ಗೆ ಮಾತಾಡುವುದು ಕಡಿಮೆ.

ಜೋಜಿ ಲಾ ಕಣಿವೆ 11,500 ಅಡಿಗೂ ಮೇಲೆ. ದ್ರಾಸ್ ಅದರಾಚೆ. ಅಲ್ಲಿ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದು ದೊಡ್ಡ ಸುದ್ದಿಯೇ ಅಲ್ಲ. ಅಷ್ಟು ಚಳಿಗೆ ಬ್ಯಾಟರಿಯ ಶಕ್ತಿ ಅರ್ಧಕ್ಕೆ ಬೀಳುತ್ತದೆ. ಚಾರ್ಜ್ ಇಳಿದ ಬ್ಯಾಟರಿಯಾದರೆ ಒಳಗಿನ ನೀರೇ ಹೆಪ್ಪುಗಟ್ಟಿ ಒಡೆಯುತ್ತದೆ. ಅದಕ್ಕೆ ಸಂಜೆ ಬ್ಯಾಟರಿ ಬಿಚ್ಚಿ ಬಂಕರಿನೊಳಗೆ ಒಯ್ಯುತ್ತಿದ್ದರು. "ಮಗೂನ ಎತ್ಕೊಂಡು ಹೋದ ಹಾಗೆ" ಅಂದರು. ಬ್ಯಾಟರಿ ಬಿಚ್ಚದ ಗಾಡಿಗಳಿಗೆ ರಾತ್ರಿ ಎರಡು ಮೂರು ಗಂಟೆಗೊಮ್ಮೆ ಎದ್ದು ಇಂಜಿನ್ ಓಡಿಸುವ ಪಾಳಿಯೂ ಇತ್ತು. ಹ್ಯಾಂಡ್ ಬ್ರೇಕ್ ಎಳೆಯುವಂತಿಲ್ಲ. ಒದ್ದೆ ಬ್ರೇಕ್ ಲೈನರ್ ಡ್ರಮ್ಮಿಗೆ ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು.

ಎಲ್ಲಕ್ಕಿಂತ ಕಷ್ಟ ಡೀಸೆಲ್ಲಿನದು. ಡೀಸೆಲ್ಲಿನಲ್ಲಿ ಮೇಣ ಇರುತ್ತದೆ. ಚಳಿ ಮಿತಿ ಮೀರಿದರೆ ಆ ಮೇಣ ಹರಳುಗಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ, ಆಮೇಲೆ ಡೀಸೆಲ್ಲೇ ಗಂಜಿಯಾಗುತ್ತದೆ. ಅವರ ಕಾಲದಲ್ಲಿ ಸೀಮೆಎಣ್ಣೆ ಬೆರೆಸುತ್ತಿದ್ದರು. 2019ರಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆ ಅಂತಲೇ ಚಳಿಗಾಲದ ಡೀಸೆಲ್ ತಂದಿತು. ಸೊನ್ನೆಗಿಂತ 33 ಡಿಗ್ರಿ ಕೆಳಗಾದರೂ ಹರಿಯುತ್ತದೆ. ಅದನ್ನು ಹೇಳಿದಾಗ ದೊಡ್ಡಪ್ಪ ಬಹಳ ಹೊತ್ತು ಸುಮ್ನೆ ಕೂತರು. "ಒಳ್ಳೇದಾಯ್ತು. ಹುಡುಗರಿಗೆ ಒಳ್ಳೇದಾಯ್ತು" ಅಂದರು.

ನಾಲ್ಕನೇ ದಿನ: ನಗರದಿಂದ ತುಮರಿ

11 ಡಿಗ್ರಿ. ನಮ್ಮ ಗಾಡಿ ಎರಡನೇ ಸೆಲ್ಫಿಗೆ ಹಿಡಿಯಿತು. ಆದರೆ ಆ ಮನೆಯವರ ಹಳೇ ಜೀಪು ನಾಲ್ಕು ಜನ ತಳ್ಳಿದರೂ ಹಿಡಿಯಲಿಲ್ಲ. ದಿನಾ ಹೀಗೇ, ಹಗ್ಗ ಕಟ್ಟಿ ಎಳೆಯುವುದು ಅಂದರು. ಅದು ಪೂಜೊ ಇಂಜಿನ್ನಿನ ಜೀಪು. ನಮ್ಮ 407ರಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಮೇಲೆ ಬೀಳುತ್ತದೆ. ಈ ಜೀಪಿನಲ್ಲಿ ಮೊದಲು ಪಕ್ಕದ ಪುಟ್ಟ ಕೋಣೆಯಲ್ಲಿ ಬೀಳುತ್ತದೆ. ಆ ಕೋಣೆಯ ಗೋಡೆಗಳೇ ಬಿಸಿಯನ್ನು ಕುಡಿದುಬಿಡುತ್ತವೆ. ಅದಕ್ಕೇ ಒಂದೊಂದು ಸಿಲಿಂಡರಿಗೆ ಒಂದೊಂದು ಹೀಟರ್ ಪ್ಲಗ್. ದೊಡ್ಡಪ್ಪ ಒಂದು ಬಲ್ಬು, ಎರಡು ವೈರು ಹಿಡಿದು ನಾಲ್ಕನ್ನೂ ನೋಡಿದರು. ಎರಡು ಸತ್ತಿದ್ದವು. ಹೊಸನಗರದಲ್ಲಿ ತರಿಸಿ ಹಾಕಿ ಅಂತ ಹೇಳಿ ಹೊರಟೆವು.

ಬಟ್ಟೆಮಲ್ಲಪ್ಪದ ಮೇಲೆ ಸಾಗರ. ಮೂರನೇ ಅಂಗಡಿಯಲ್ಲಿ ಥರ್ಮೋಸ್ಟಾಟ್ ಸಿಕ್ಕಿತು. ದೊಡ್ಡಪ್ಪ ಹಾಗೇ ಹಾಕಲು ಬಿಡಲಿಲ್ಲ. ಪಕ್ಕದ ಟೀ ಅಂಗಡಿಯವರಿಂದ ಪಾತ್ರೆ ಕೇಳಿ, ನೀರು ಕಾಯಿಸಿ, ವಾಲ್ವನ್ನು ದಾರದಲ್ಲಿ ಇಳಿಬಿಟ್ಟರು. ನೀರು ಕುದಿಗೆ ಹತ್ತಿರವಾದಾಗ ಅದು ಮೆಲ್ಲಗೆ ಬಾಯಿ ತೆರೆಯಿತು. ಹೊರಗೆ ತೆಗೆದಾಗ ಮೆಲ್ಲಗೆ ಮುಚ್ಚಿಕೊಂಡಿತು. ಟೀ ಕುಡಿಯುತ್ತಿದ್ದವರೆಲ್ಲ ಸುತ್ತ ನಿಂತು ನೋಡಿದರು. ಒಳಗಿರುವುದು ಮೇಣವಂತೆ. ಬಿಸಿಗೆ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಅಲ್ಲಿ ಚಳಿಗೆ ಗಟ್ಟಿಯಾಗಿ ಗಾಡಿ ನಿಲ್ಲಿಸುವುದೂ ಮೇಣ, ಇಲ್ಲಿ ಬಿಸಿಗೆ ಕರಗಿ ಇಂಜಿನ್ ಕಾಪಾಡುವುದೂ ಮೇಣ!

ವಾಲ್ವ್ ಹಾಕಿ, ರೇಡಿಯೇಟರ್ ಮೂರು ಸಲ ತೊಳೆದು, ಕೂಲೆಂಟ್ ಮತ್ತು ನೀರು ಅರ್ಧ ಅರ್ಧ ಬೆರೆಸಿ ತುಂಬಿದೆವು. ಆ ಅಳತೆ ಸೊನ್ನೆಗಿಂತ 35 ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟುವುದಿಲ್ಲ. ನಮಗೆ ಅದು ಬೇಕಿಲ್ಲ, ಆದರೆ ತುಕ್ಕು ತಡೆಯಲು ಬೇಕೇ ಬೇಕು. ಆಯಿಲನ್ನೂ ಬದಲಿಸಿದೆ. ಹಳೇ ಇಂಜಿನ್ನಿಗೆ ದಪ್ಪ ಆಯಿಲ್ ಒಳ್ಳೇದು ಅಂತ 20ಡಬ್ಲ್ಯು-50 ಹಾಕುತ್ತಿದ್ದೆವು. ಡಬ್ಲ್ಯುಗೆ ಮೊದಲಿನ ಅಂಕಿ ಚಳಿಯದು, ಚಿಕ್ಕದಾದಷ್ಟೂ ಬೆಳಗ್ಗೆ ಬೇಗ ಹರಿಯುತ್ತದೆ. 15ಡಬ್ಲ್ಯು-40 ಹಾಕಿಸಿದೆ.

ಸಂಜೆ ಶರಾವತಿ ಹಿನ್ನೀರು. ಇಲ್ಲಿ ಅಪ್ಪ ಗಾಡಿ ದಾಟಿಸುವ ಲಾಂಚ್‌ಗೆ ಗಂಟೆಗಟ್ಟಲೆ ಕಾಯುತ್ತಿದ್ದರು, ನಾನು ಕ್ಯಾಬಿನ್ನಿನಲ್ಲಿ ನಿದ್ದೆ ಹೋಗುತ್ತಿದ್ದೆ. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ನೀರಿನ ಮೇಲಿನ ತಣ್ಣನೆ ಗಾಳಿಯಲ್ಲಿ ಐದೇ ನಿಮಿಷದಲ್ಲಿ ದಾಟಿದೆವು. ಮುಳ್ಳು ಮಧ್ಯದಲ್ಲಿ ನಿಂತಿತ್ತು, ಅಲ್ಲಾಡಲಿಲ್ಲ.

ಐದನೇ ದಿನ: ವಾಪಸ್ ಶಿವಮೊಗ್ಗ

ತುಮರಿಯಲ್ಲಿ ಬೆಳಗ್ಗೆ ಕೀ ತಿರುಗಿಸಿದೆ. ಒಂದೇ ಸಲಕ್ಕೆ. ಮಧ್ಯಾಹ್ನದವರೆಗೆ ಸುಲಿತ, ಆಮೇಲೆ ವಾಪಸ್. ಆನಂದಪುರ, ಕುಂಸಿ, ಆಯನೂರು. ಎಲ್ಲೂ ನಿಲ್ಲಲಿಲ್ಲ.

ಕತ್ತಲಾಗುವಾಗ ಮನೆ ಮುಟ್ಟಿದೆವು. ಹೊರಗೆ ನಿಲ್ಲಿಸುವ ಮೊದಲು ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬಂದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟೆ. ದೊಡ್ಡಪ್ಪ ಗೇಟಿನ ಹತ್ತಿರ ನಿಂತು ನೋಡಿ, ಏನೂ ಹೇಳದೆ ಒಳಗೆ ಹೋದರು.

ಕೈಕಾಲು ತೊಳೆಯುವಷ್ಟರಲ್ಲಿ ನಗರದ ಮನೆಯಿಂದ ಫೋನ್. ಹೀಟರ್ ಪ್ಲಗ್ ಸಿಕ್ಕಿತಂತೆ. ಅವತ್ತು ಬೆಳಗ್ಗೆ ಜೀಪನ್ನು ಯಾರೂ ತಳ್ಳಲಿಲ್ಲವಂತೆ. ಫೋನನ್ನು ದೊಡ್ಡಪ್ಪನ ಕೈಗೆ ಕೊಟ್ಟೆ.